ಗೋಡೆಯ ನೆರಳಲ್ಲೊಂದು ಖಾಲಿ ಕುರ್ಚಿ

ಸೂರ್ಯ ಇನ್ನೂ ಮುಖ ತೊಳೆಯುತ್ತಿದ್ದಾನೆ. ತ್ರಿಯೆಸ್ತೆ ಬಂದರಿನ ಪಕ್ಕದ ಉರುಟುಕಲ್ಲಿನ ದಂಡೆಯಲ್ಲಿ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಕುಂಟೆ ಹಿಡಿದು ಕಲ್ಲು ಬಾಚುತ್ತಿದ್ದಾರೆ. ಮಗುವಿಗೆ ಬೈತಲೆ ತೆಗೆಯುವಷ್ಟೇ ನಾಜೂಕು. ನಿನ್ನೆಯ ಜನ ಬಿಟ್ಟುಹೋದ ಪೀಚ್ ಹಣ್ಣಿನ ಓಟೆ, ಬೇಯಿಸಿದ ಮೊಟ್ಟೆಯ ಸಿಪ್ಪೆ, ಒಂಟಿ ಚಪ್ಪಲಿ, ಯಾರದೋ ಹಲ್ಲುಸೆಟ್ಟು ಎಲ್ಲವೂ ಕುಂಟೆಗೆ ಸಿಗುತ್ತವೆ. ಹಲ್ಲುಸೆಟ್ಟನ್ನು ತೊಳೆದು ಟಿಕೆಟ್ ಕಿಂಡಿಯ ಅಂಚಿನಲ್ಲಿಡುತ್ತಾರೆ. "ಹತ್ತು ಗಂಟೆಗೆ ಬರ್ತಾಳೆ ಬಿಡಿ," ಎನ್ನುತ್ತಾರೆ. "ಮೊಟ್ಟೆ ತಿನ್ನೋಕೆ ಬೇಕಲ್ಲ."

ಹೆಸರು ಒಂದಿನಾ ಪೆರ್ತೊತ್. ಹೆಸರಿಗಷ್ಟೇ ಒಂದಿನಾ, ಒಂದಿನವೂ ತಡವಾಗಿ ಬಂದವರಲ್ಲ. ವಯಸ್ಸು ಅರವತ್ತು ದಾಟಿದೆ. ಟಿಕೆಟ್ ಹರಿಯುವುದು, ಶೌಚಾಲಯ ತೊಳೆಯುವುದು, ಜಗಳ ಬಿಡಿಸುವುದು, ಬಿಸಿಲಿಗೆ ತಲೆಸುತ್ತಿ ಬಿದ್ದವರಿಗೆ ನೀರು ಚಿಮುಕಿಸುವುದು, ಇದೆಲ್ಲ ಸೇರಿ ಒಂದೇ ಕೆಲಸ, ಒಂದೇ ಸಂಬಳ. ಆಗಸ್ಟಿನಲ್ಲಿ ದಿನಕ್ಕೆ ಸಾವಿರದ ಹತ್ತಿರ ಜನ ಬರುತ್ತಾರೆ. ಅಷ್ಟೂ ಜನರ ಎಣ್ಣೆ ಮೆತ್ತಿದ ಮೈಯಿಂದ ಉದುರಿದ್ದನ್ನು ಗುಡಿಸುವ ಕೈ ಎರಡೇ.

ಈ ದಂಡೆಯ ನಡುವೆ ಒಂದು ಗೋಡೆ ಇದೆ. ಈ ಕಡೆ ಹೆಂಗಸರು, ಆ ಕಡೆ ಗಂಡಸರು. ಬಿಳಿ ಗೋಡೆ ಇಬ್ಬರಾಳು ಎತ್ತರಕ್ಕೆ ನಿಂತು, ನೀರಿಗಿಳಿದು ನಾಲ್ಕು ಹೆಜ್ಜೆ ಹೋಗಿ, ಈಜು ಬಾರದವರ ಹಾಗೆ ಅಲ್ಲೇ ನಿಂತುಬಿಟ್ಟಿದೆ. ಖಂಡದವರೆಲ್ಲ ಗೋಡೆ ಒಡೆದು ಕುಣಿದಾಡುತ್ತಿದ್ದಾಗ ಈ ಊರಿನವರು ತಮ್ಮ ಗೋಡೆಗೆ ಇನ್ನೊಂದು ಕೋಟು ಸುಣ್ಣ ಬಳಿದರು. ಕೆಡವೋಣ ಎಂದು ಆಗಾಗ ಯಾವನಾದರೂ ಗಂಡಸು ಹೇಳುತ್ತಾನೆ. ಹೆಂಗಸರು ನೋಡುವ ನೋಟಕ್ಕೆ ಗೋಡೆಯ ಬದಲು ಅವನೇ ಬೀಳುತ್ತಾನೆ.

ಕಲ್ಲು ಬಾಚಿದ ಮೇಲೆ ಒಂದಿನಾ ಒಳಗಿನಿಂದ ಮಡಚುವ ಕುರ್ಚಿಯೊಂದನ್ನು ತರುತ್ತಾರೆ. ನೀಲಿ ಬಟ್ಟೆಯದು. ಗೋಡೆಗೆ ಒಂದು ಮೊಳ ಬಿಟ್ಟು, ಮಧ್ಯಾಹ್ನದವರೆಗೂ ನೆರಳು ಕದಲದ ಕಡೆ ಬಿಚ್ಚಿಡುತ್ತಾರೆ. ಪಕ್ಕದಲ್ಲಿ ನೀರಿನ ಬಾಟಲಿ. ಮೇಲೆ ತಮ್ಮದೇ ಟವೆಲು. ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ, ಮತ್ತೆ ಬಂದು ಕುರ್ಚಿಯನ್ನು ಬೆರಳಷ್ಟು ತಿರುಗಿಸುತ್ತಾರೆ. ಹೋದ ಸೆಪ್ಟೆಂಬರಿನಿಂದ ಅದರಲ್ಲಿ ಯಾರೂ ಕೂತಿಲ್ಲ. ಇವತ್ತು ಜೂನ್ ತಿಂಗಳ ಮೊದಲ ಸೋಮವಾರ. ಇವತ್ತು ಬರಬಹುದು ಎಂದು ಮಾತು.

"ಬರ್ತೀನಿ ಅಂದಿಲ್ಲ ಅವಳು," ಒಂದಿನಾ ತಿದ್ದುತ್ತಾರೆ. "ಆದ್ರೆ ನೋಡ್ತೀನಿ ಅಂದಿದಾಳೆ. ಅವಳ ಬಾಯಲ್ಲಿ ಅದು ದೊಡ್ಡ ಮಾತು."

ಆಕೆ ಅಂದರೆ ನಿವೇಸ್. ನಲವತ್ತರ ಆಸುಪಾಸಿನವರು. ಒಂದು ಕಾಲಕ್ಕೆ ಹೂವಿನಂಗಡಿಯಲ್ಲಿ ಕೆಲಸಕ್ಕಿದ್ದರು. ಬೇರೆ ಯಾರಿಗೂ ಕೇಳಿಸದ ಗಂಡಸಿನ ದನಿಯೊಂದು ಆಕೆಗೆ ವರ್ಷಗಳಿಂದ ಕೇಳಿಸುತ್ತದೆ. ವೈದ್ಯರು ಸ್ಕಿಜೋಫ್ರೇನಿಯಾ ಎನ್ನುತ್ತಾರೆ. ನಿವೇಸ್ ಬರೀ "ಅವನು" ಎನ್ನುತ್ತಾರೆ.

ಒಂಬತ್ತರ ಹೊತ್ತಿಗೆ ಕಿಂಡಿಯ ಮುಂದೆ ಸಾಲು ಬೆಳೆಯುತ್ತದೆ. ಎಂಬತ್ತು ದಾಟಿದವರೂ ಒಬ್ಬರನ್ನೊಬ್ಬರು "ಮೂಲಾ" ಎಂದೇ ಕರೆಯುವುದು. ಈ ಊರಲ್ಲಿ ಹಾಗಂದರೆ ಹುಡುಗಿ. ಮೂಲಾ ನಕ್ಷತ್ರಕ್ಕೆ ಹೆದರುವ ಅತ್ತೆಯಂದಿರು ಗಾಬರಿಯಾಗಬೇಕಿಲ್ಲ. ಸಾಲಿನ ಮುಂಚೂಣಿಯಲ್ಲಿ ಫುಲ್ವಿಯಾ ಇದ್ದಾರೆ. ದೊಡ್ಡ ಛತ್ರಿ, ಸಣ್ಣ ಈಜುಡುಪು, ಕಲ್ಲಂಗಡಿ ತುಂಬಿದ ಡಬ್ಬ. ಇಸ್ಪೀಟಿನ ಗುಂಪಿನ ಯಜಮಾನಿ. ನಾಲ್ಕು ಜನರ ಗುಂಪಿನಲ್ಲಿ ಈಗ ಮೂವರೇ. ನಾಲ್ಕನೆಯವರಾದ ನೋರ್ಮಾ ಚಳಿಗಾಲದಲ್ಲಿ ತೀರಿಕೊಂಡರು. ಜೋಡಿಯಾಗಿ ಆಡುವ ಆಟವನ್ನು ಮೂವರು ಆಡಿದರೆ ದಿನವೂ ಜಗಳ.

ಫುಲ್ವಿಯಾರ ಕಣ್ಣು ಮೊದಲು ಹೋಗುವುದು ನೀಲಿ ಕುರ್ಚಿಯ ಕಡೆಗೆ.

"ಒಂದಿನಾ, ಆ ನೆರಳು ಖಾಲಿ ಇದೆಯಲ್ಲ?"

"ಕಾದಿರಿಸಿದೆ."

"ಇದೇನು ಸಂಗೀತ ಸಭೆನಾ, ಸೀಟು ಕಾದಿರಿಸೋಕೆ? ಯಾರಿಗೆ?" ಎಂದವರು ತಾವೇ ಉತ್ತರ ಕಂಡುಕೊಂಡು ದನಿ ಇಳಿಸುತ್ತಾರೆ. "ಅವಳಿಗಾ? ಹೋದ ವರ್ಷ ಅಷ್ಟೆಲ್ಲ ಆದ್ಮೇಲೂನಾ? ಮಕ್ಕಳು ಮರಿ ಬರ್ತಾವೆ ಕಣೇ ಇಲ್ಲಿ."

"ನಿನ್ನ ಗಂಡನ ಗೊರಕೆ ಗೋಡೆ ಹಾರಿ ಬರತ್ತೆ. ಅದಕ್ಕೆ ಮಕ್ಕಳು ಬೆಚ್ಚಿಬೀಳ್ತಾವೆ. ಅವನನ್ನ ಬರಬೇಡ ಅಂದಿದೀನಾ ನಾನು?"

ಸಾಲಿನವರು ನಗುತ್ತಾರೆ. ಫುಲ್ವಿಯಾ ನಗುವುದಿಲ್ಲ. ಛತ್ರಿಯನ್ನು ಕುರ್ಚಿಯಿಂದ ದೂರ ನೆಡುತ್ತಾರೆ.

ಒಂದಿನಾ ಹುಟ್ಟಿದ್ದು ಬಂದರಿನ ಹಿಂದಿನ ಓಣಿಯಲ್ಲಿ. ತಾಯಿ ಗುಡ್ಡದ ಮೇಲಿನ ಹುಚ್ಚಾಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಗೇಟಿಗೆ ಬೀಗವಿದ್ದ ಕಾಲ ಅದು. "ಅಮ್ಮ ಅಲ್ಲಿಂದ ಬಂದ ದಿನ ಮಾತೇ ಆಡ್ತಿರಲಿಲ್ಲ. ಒಂದ್ಸಲ ಮಾತ್ರ ಅಂದಿದ್ಲು, ಅಲ್ಲಿ ಯಾರ ಅಂಗೀನೂ ಯಾರದ್ದೂ ಅಲ್ಲ, ಒಗೆದು ಬಂದದ್ದನ್ನ ಸಿಕ್ಕಿದವರಿಗೆ ತೊಡಿಸ್ತಾರೆ ಅಂತ." ಆಮೇಲೆ ಬೀಗ ತೆಗೆದರು, ಒಳಗಿದ್ದವರು ಊರಿಗೆ ಇಳಿದರು. ಈಗ ಅಲ್ಲಿ ಗುಲಾಬಿ ತೋಟವಿದೆ. ಊರೊಳಗಿನ ಚಿಕಿತ್ಸಾ ಕೇಂದ್ರಗಳ ಬಾಗಿಲು ತೆರೆದೇ ಇರುತ್ತದೆ. ಬಾಗಿಲು ತೆರೆಯುವ ಕೆಲಸ ಆಸ್ಪತ್ರೆಯದು. ಹೊರಗೆ ಬಂದವರಿಗೆ ಕೂರಲು ಜಾಗ ಕೊಡುವ ಕೆಲಸ ಯಾರದು ಎಂದು ಊರಿನವರು ಇನ್ನೂ ಯೋಚಿಸುತ್ತಿದ್ದಾರೆ.

ಒಂದಿನಾ ಹರೆಯದಲ್ಲಿ ಬಂದರಿನ ಗೋದಾಮಿನಲ್ಲಿ ಕಾಫಿಬೀಜ ಆರಿಸುತ್ತಿದ್ದರು. ಯಂತ್ರ ಬಂತು, ಕೈಗಳು ಮನೆಗೆ ಹೋದವು. ಹಡಗಿನಲ್ಲಿ ಅಡುಗೆಯವನಾಗಿದ್ದ ಗಂಡ ಒಂದು ಬಂದರಿನಲ್ಲಿ ಇಳಿದವನು ಮತ್ತೆ ಹತ್ತಲಿಲ್ಲ. "ಸತ್ತಿಲ್ಲ," ಎಂದು ಒಂದಿನಾ ನಿರಾಳವಾಗಿ ಹೇಳುತ್ತಾರೆ. "ಅಲ್ಲಿ ಬೇರೆ ಯಾರಿಗೋ ಅಡುಗೆ ಮಾಡ್ತಿದಾನೆ. ಉಪ್ಪು ಜಾಸ್ತಿ ಹಾಕೋನು. ಅವರ ಕರ್ಮ." ಮಗಳನ್ನು ಓದಿಸಿದ್ದು ಈ ದಂಡೆಯ ಸಂಬಳದಲ್ಲೇ.

ಗೋಡೆ ಇದ್ದ ಮೇಲೆ ಸಂಸಾರ ನಡೆಯುವುದು ಕೂಗಿನ ಮೇಲೆ. "ಮನೆ ಬೀಗದಕೈ ನಿನ್ನ ಹತ್ರ ಇದ್ಯಾ?" "ಸ್ಯಾಂಡ್‌ವಿಚ್ ಎಸೀಲಾ?" "ಮೀನು ತರೋದು ಮರೀಬೇಡ!" ದಿನವಿಡೀ ಗೋಡೆ ಮಾತಾಡುತ್ತದೆ, ಗೋಡೆಗೆ ಉತ್ತರ ಹೋಗುತ್ತದೆ. ಕಾಣದವರ ದನಿ ಎಲ್ಲರಿಗೂ ಕೇಳಿಸುವ ಊರಿನ ಏಕೈಕ ಜಾಗ ಇದು. ನಿವೇಸ್ ಇಲ್ಲಿಗೆ ಬಂದದ್ದು ಅದಕ್ಕೇ. ಆಕೆಯೇ ಒಮ್ಮೆ ಒಂದಿನಾಗೆ ಹೇಳಿದ್ದರು: "ಬಸ್ಸಲ್ಲಿ ಅವನಿಗೆ ಉತ್ತರ ಕೊಟ್ರೆ ಪಕ್ಕದ ಸೀಟು ಖಾಲಿ ಆಗತ್ತೆ. ಇಲ್ಲಿ ಉತ್ತರ ಕೊಟ್ರೆ ಯಾರೂ ಎದ್ದು ಹೋಗಲ್ಲ."

ಎದ್ದು ಹೋಗುವುದಿರಲಿ, ಯಾರಿಗೂ ಗೊತ್ತೇ ಆಗಲಿಲ್ಲ. ಮೊದಲ ಬೇಸಿಗೆಯ ಬಹುಪಾಲು ಒಂದಿನಾ ಆಕೆಯನ್ನು ಜಗಳಗಂಟ ಗಂಡನನ್ನು ಕಟ್ಟಿಕೊಂಡ ಪಾಪದವಳು ಎಂದೇ ತಿಳಿದಿದ್ದರು. ಸುಮ್ನಿರು, ಸಾಕು ಮಾಡು, ನಾನೇನು ಮಾಡಿದೆ ಎಂದು ಗೋಡೆಗೆ ಹೇಳುತ್ತಿದ್ದವಳನ್ನು ನೋಡಿ ನೋಡಿ ರೋಸಿ, ಒಂದಿನಾ ಸೊಂಟಕ್ಕೆ ಕೈಯಿಟ್ಟು ಗೋಡೆಯತ್ತ ಗುಡುಗಿದರು: "ಏಯ್! ನಾಚಿಕೆ ಆಗಲ್ವೇನೋ ನಿಂಗೆ, ಹೆಂಡ್ತೀನ ಹೀಗೆ ಗೋಳು ಹೊಯ್ಕೊಳೋಕೆ?"

ಆ ಕಡೆಯಿಂದ ಏಳೆಂಟು ಗಂಡಸರ ದನಿ ಒಟ್ಟಿಗೆ: "ಅಯ್ಯೋ, ನಾನೇನ್ ಮಾಡ್ದೆ?"

ನಿವೇಸ್ ನಕ್ಕುಬಿಟ್ಟರು. ಅಷ್ಟು ದಿನದಲ್ಲಿ ಮೊದಲ ಬಾರಿ. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು, "ಅವರಲ್ಲ. ನನ್ನೋನು ಯಾವತ್ತೂ ಹಾಗೆ ಕೇಳಲ್ಲ."

ಒಂದಿನಾಗೆ ಆಗ ಅರ್ಥವಾಯಿತು. ಅರ್ಥವಾದ ಕೂಡಲೇ ಎರಡನೆಯ ತಪ್ಪು ಮಾಡಿದರು. ಮರುದಿನ ಬೆಳಗ್ಗೆ, ಬಾಗಿಲು ತೆರೆಯುವ ಮುಂಚೆ, ನಿವೇಸ್‌ರ ಕೈ ಹಿಡಿದು ಗಂಡಸರ ಕಡೆಗೆ ಕರೆದುಕೊಂಡು ಹೋದರು. ಖಾಲಿ ಕಲ್ಲು, ಖಾಲಿ ಬೆಂಚು, ಒಂದು ಕಡಲಹಕ್ಕಿ. "ನೋಡು ಮೂಲಾ. ಯಾರೂ ಇಲ್ಲ. ಇದ್ದಾರಾ?"

ನಿವೇಸ್ ದಂಡೆಯನ್ನೆಲ್ಲ ಕಣ್ಣಾಡಿಸಿ ನೋಡಿದರು. ಬೆವರುತ್ತಿದ್ದರು. "ಇಲ್ಲಿಲ್ಲ," ಎಂದರು. "ಈಗ ಅವನು ನಮ್ಮ ಕಡೆಗೆ ಬಂದಿದಾನೆ."

ಅವತ್ತು ಸಂಜೆ ಒಂದಿನಾ ಕೇಂದ್ರಕ್ಕೆ ಹೋಗಿ ದಾರ್ಕೊ ಎಂಬ ನರ್ಸನ್ನು ಹುಡುಕಿದರು. ನಿವೇಸ್‌ರನ್ನು ನೋಡಿಕೊಳ್ಳುತ್ತಿದ್ದ, ಗಡ್ಡ ಬಿಟ್ಟ, ಸದಾ ಇಸ್ತ್ರಿ ಪ್ಯಾಂಟು ತೊಡುವ ಹುಡುಗ. "ಅವನು ನನ್ನ ಬೈಯಲಿಲ್ಲ," ಎಂದು ಒಂದಿನಾ ನೆನೆಸಿಕೊಳ್ಳುತ್ತಾರೆ. "ಕಾಫಿ ಕೊಟ್ಟ. ಆಮೇಲೆ ಮರ್ಯಾದೆಯಿಂದ್ಲೇ ಅಂದ, ಸಿಯೋರ ಒಂದಿನಾ, ಅವಳಿಗೆ ಕೇಳಿಸ್ತಿದೆ, ನಿಮಗೆ ಕೇಳಿಸ್ತಿಲ್ಲ, ಎರಡೂ ನಿಜ. ವಾದ ಮಾಡಿ ಗೆಲ್ಲೋಕೆ ಹೋಗ್ಬೇಡಿ. ದನಿ ಇದೆಯೋ ಇಲ್ಲವೋ ಅನ್ನೋದು ಬಿಡಿ, ಅವಳಿಗೆ ಹೆದರಿಕೆ ಆಗ್ತಿದೆಯಾ ಅಂತ ಕೇಳಿ. ಅಷ್ಟೆ."

ಮಾತ್ರೆಗಳ ವಿಷಯವನ್ನೂ ಅವನೇ ಹೇಳಿದ್ದು. ಅವು ದನಿಯನ್ನು ತಗ್ಗಿಸುತ್ತವೆ. ಜೊತೆಗೆ ಕೈ ನಡುಗಿಸುತ್ತವೆ, ಬಾಯಿ ಒಣಗಿಸುತ್ತವೆ, ಬಿಸಿಲು ತಾಗಿದರೆ ಚರ್ಮ ಬೇಗ ಸುಡುತ್ತದೆ. ನೀಲಿ ಕುರ್ಚಿ, ನೆರಳು, ನೀರಿನ ಬಾಟಲಿ ಹುಟ್ಟಿದ್ದು ಅಲ್ಲಿಂದ. ಒಂದಿನಾ ಬೇಸಿಗೆಯಿಡೀ ಟಿಕೆಟ್ ಹರಿಯುತ್ತ, ನೆಲ ತೊಳೆಯುತ್ತ, ಕುರ್ಚಿಯ ಪಕ್ಕ ಹಾಯುವಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಇವತ್ತು ಹೇಗಿದಾನೆ?" "ಮೆತ್ತಗಿದಾನೆ" ಎಂದರೆ ಮುಂದೆ ಹೋಗುತ್ತಾರೆ. "ಜೋರಿದಾನೆ" ಎಂದರೆ ಪೊರಕೆ ಗೋಡೆಗೊರಗಿಸಿ ಅಲ್ಲೇ ಕಲ್ಲಿನ ಮೇಲೆ ಕೂರುತ್ತಾರೆ. ಬೆರಗಾಗುವಂತಹ ಸಂಗತಿ ಎಂದರೆ, ಇದಕ್ಕೆ ಆಕೆ ಯಾವ ಹೆಸರನ್ನೂ ಇಟ್ಟಿಲ್ಲ. ಸೇವೆ ಎಂದರೆ ಮುಖ ಸಿಂಡರಿಸುತ್ತಾರೆ. "ಸೇವೆ ಮಾಡೋಕೆ ಟೈಮ್ ಎಲ್ಲಿದೆ? ಶೌಚಾಲಯ ಯಾರು ತೊಳೀತಾರೆ?"

ಹೋದ ಸೆಪ್ಟೆಂಬರಿನಲ್ಲಿ ನಿವೇಸ್ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ್ದರು. ಕೈ ನಡುಗಿ ಹೂ ಕಟ್ಟಲಾಗುತ್ತಿಲ್ಲ ಎಂಬ ದುಃಖ. ಒಂದು ಮಧ್ಯಾಹ್ನ ಕುರ್ಚಿಯಿಂದೆದ್ದು, ಬಟ್ಟೆ ಚಪ್ಪಲಿ ಸಮೇತ ನೀರಿಗಿಳಿದರು. ಎದೆಮಟ್ಟ ನೀರಿನಲ್ಲಿ ಗೋಡೆ ಮುಗಿಯುವ ಕಡೆ ನಿಂತರು. ದಂಡೆಯಲ್ಲಿ ಕಿರುಚಾಟ. ಪೊಲೀಸರನ್ನು ಕರೀರಿ ಎಂದು ಒಬ್ಬರು, ಹಿಡ್ಕೊಳ್ರಿ ಎಂದು ಇನ್ನೊಬ್ಬರು. ಫುಲ್ವಿಯಾ ಮೊಮ್ಮಗಳ ಕಣ್ಣು ಮುಚ್ಚಿದರು. ಒಂದಿನಾ ಕಿಂಡಿಯಿಂದ ದಾರ್ಕೊಗೆ ಫೋನು ಮಾಡಿ, ಬೂಟಿನಲ್ಲೇ ನೀರಿಗಿಳಿದರು. ಕೈ ಹಿಡಿಯಲಿಲ್ಲ. ಒಂದು ತೋಳಿನಷ್ಟು ದೂರ ನಿಂತರು.

"ತಣ್ಣಗಿದೆ," ಎಂದರು.

"ಹೂಂ."

"ಏನಂತಿದಾನೆ?"

"ಮುಂದೆ ಹೋಗು ಅಂತಿದಾನೆ."

"ನಿಂಗೆ ಹೋಗ್ಬೇಕು ಅನ್ಸತ್ತಾ?"

"ಇಲ್ಲ. ಆದ್ರೆ ಹಿಂದೆ ಬರೋಕೂ ಆಗ್ತಿಲ್ಲ."

"ಸರಿ. ಹಾಗಾದ್ರೆ ಇಬ್ರೂ ಇಲ್ಲೇ ನಿಂತ್ಕೊಳೋಣ. ನಂಗೇನೂ ಅವಸರ ಇಲ್ಲ."

ದಾರ್ಕೊ ಓಡಿಬಂದ. ಗಂಡಸು ಈ ಕಡೆ ಬರುವಂತಿಲ್ಲ. ಅಂಥ ಹೊತ್ತಿನಲ್ಲಿ ಯಾರೂ ತಡೆಯುತ್ತಿರಲಿಲ್ಲ, ಆದರೆ ಅವನು ಬೇಕೆಂದೇ ಆ ಕಡೆಯಿಂದ ಇಳಿದ. ಹೆದರಿದವಳ ಎದುರಿಗೆ ಓಡಿಬರುವ ಗಂಡಸಾಗಲು ಅವನಿಗೆ ಇಷ್ಟವಿರಲಿಲ್ಲ. ಗೋಡೆಯ ಹಿಂದಿನಿಂದ ಅವನ ದನಿ ಕೇಳಿತು: "ನಿವೇಸ್, ನಾನು ದಾರ್ಕೊ. ಗೋಡೆಯ ಈ ಕಡೆ ಇದೀನಿ. ನಾನು ನಿಜವಾದೋನು. ಹೊಸ ಪ್ಯಾಂಟು ಹಾಳಾಯ್ತು."

ನಿವೇಸ್ ತಲೆ ತಿರುಗಿಸಿದರು. ಎರಡು ದನಿಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಎಷ್ಟು ಕಷ್ಟವೋ ನೀರಲ್ಲಿ ನಿಂತವರಿಗೇ ಗೊತ್ತು. ಆಕೆ ಆರಿಸಿಕೊಂಡರು. ಗೋಡೆಯ ಈ ಕಡೆ ಇಬ್ಬರು, ಆ ಕಡೆ ಒಬ್ಬ, ಒಂದೇ ಹೆಜ್ಜೆಯಲ್ಲಿ ದಂಡೆಗೆ ನಡೆದು ಬಂದರು.

ಕೇಂದ್ರದಲ್ಲಿ ಕೆಲವು ವಾರ. ಕೈ ಅಷ್ಟಾಗಿ ನಡುಗಿಸದ ಬೇರೆ ಮಾತ್ರೆ. ಆಮೇಲೆ ಮನೆ, ಮನೆಯೊಳಗೇ ಚಳಿಗಾಲ. ಬೋರಾ ಎಂಬ ಚಳಿಗಾಳಿ ಕಿಟಕಿ ಬಡಿಯುವ ದಿನಗಳಲ್ಲೂ ಒಂದಿನಾ ವಾರದ ರಜೆಗೆ ನಾಲ್ಕನೆಯ ಮಹಡಿ ಹತ್ತಿ ಹೋಗುತ್ತಿದ್ದರು. ಬಾಗಿಲು ತೆರೆದರೆ ಒಳಗೆ, ತೆರೆಯದಿದ್ದರೆ ಮೆಟ್ಟಿಲ ಮೇಲೆ. ಮುಚ್ಚಿದ ಬಾಗಿಲಿಗೆ ದಂಡೆಯ ಸುದ್ದಿ ಹೇಳುವುದು. ಹಲ್ಲುಸೆಟ್ಟು ಕಳೆದವಳು ಯಾರು, ಫುಲ್ವಿಯಾ ಎಷ್ಟು ದಪ್ಪಗಾದಳು. "ಗೋಡೆ ಜೊತೆ ಮಾತಾಡಿ ಅಭ್ಯಾಸ ಇದೆಯಲ್ಲ ನಮಗೆ," ಎನ್ನುತ್ತಾರೆ. "ಬಾಗಿಲು ಅದಕ್ಕಿಂತ ತೆಳ್ಳಗೆ."

ಇವತ್ತು ಹನ್ನೊಂದಾಗುತ್ತಿದೆ. ಕುರ್ಚಿ ಖಾಲಿ. ಒಂದಿನಾ ಕಿಂಡಿಯಿಂದ ಮೂರು ಸಲ ಹೊರಗೆ ಬಂದು ಬಸ್ ನಿಲ್ದಾಣದ ಕಡೆ ನೋಡಿದ್ದಾರೆ. ಚಿಲ್ಲರೆ ತಪ್ಪಾಗಿ ಕೊಟ್ಟಿದ್ದಾರೆ. ಗೋಡೆಯಾಚೆ ದಾರ್ಕೊ ರಜೆ ಹಾಕಿ ಬಂದು ಕೂತಿದ್ದಾನೆ.

ಆಮೇಲೆ ಕಿಂಡಿಯ ಮುಂದೆ ಅಗಲ ಟೋಪಿಯ ಹೆಂಗಸೊಬ್ಬರು ನಿಂತಿದ್ದಾರೆ. ತೋಳುದ್ದದ ಅಂಗಿ. ಬೆವರಿಳಿಯುತ್ತಿದೆ.

"ಬಂದ್ಯಾ?" ಒಂದಿನಾ ಕೇಳುತ್ತಾರೆ.

"ಬಸ್ಸಲ್ಲಿ ಪೂರ್ತಿ ಇಳಿ ಇಳಿ ಅಂತಿದ್ದ. ಪ್ರತಿ ಸ್ಟಾಪಲ್ಲೂ," ನಿವೇಸ್ ಉಸಿರು ಎಳೆದುಕೊಳ್ಳುತ್ತಾರೆ. "ನಾನು ಇಳೀಲಿಲ್ಲ."

ನಮಗೆಲ್ಲ ಬಸ್ಸೆಂದರೆ ಸೀಟು ಹಿಡಿಯುವ ಸಾಹಸ. ಹತ್ತು ನಿಲ್ದಾಣ ಬೆನ್ನಟ್ಟಿ ಬಂದ ಬೈಗುಳವನ್ನು ಹೊತ್ತುಕೊಂಡೇ ಇಳಿಯದೆ ಕೂತವರ ಎದುರು ನಮ್ಮ ಸಾಹಸಗಳೆಲ್ಲ ಬಾಲ ಮುದುಡಿಕೊಳ್ಳುತ್ತವೆ. ಒಂದಿನಾ ಟಿಕೆಟ್ ಹರಿದು ಕೊಡುತ್ತಾರೆ.

ನಿವೇಸ್ ನೀಲಿ ಕುರ್ಚಿಯವರೆಗೆ ನಡೆಯುತ್ತಾರೆ, ನಿಲ್ಲುತ್ತಾರೆ, ಗೋಡೆಯನ್ನು ನೋಡುತ್ತಾರೆ. ತಲೆಯಾಡಿಸುತ್ತಾರೆ.

"ಇವತ್ತು ಗೋಡೆ ಹತ್ರ ಬೇಡ ಒಂದಿನಾ. ಇಲ್ಲಿ ಅವನ ದನಿ ಜಾಸ್ತಿ ಆಗತ್ತೆ."

ನೆರಳಿರುವುದು ಇನ್ನೊಂದೇ ಕಡೆ. ಎಲ್ಲರಿಗೂ ಅದು ಗೊತ್ತು. ನಿವೇಸ್ ಮೆಲ್ಲಗೆ ಹೋಗಿ ಫುಲ್ವಿಯಾರ ಛತ್ರಿಯ ಅಂಚಿನಲ್ಲಿ, ಬಿಸಿಲಲ್ಲೇ ನಿಲ್ಲುತ್ತಾರೆ. "ಸ್ವಲ್ಪ ನೆರಳು ಬೇಕಿತ್ತು. ಮಾತ್ರೆ ತಗೋತೀನಿ, ಚರ್ಮ ಸುಡತ್ತೆ."

ಒಂದಿನಾ ಪೊರಕೆ ಹಿಡಿದು ನಿಂತಲ್ಲೇ ನಿಂತಿದ್ದಾರೆ. ಒಂದು ಮಾತು ಅಂದುಬಿಡಬಹುದು, ಆಜ್ಞೆಯನ್ನೇ ಮಾಡಬಹುದು. ತುಟಿ ಕಚ್ಚಿಕೊಂಡು ಸುಮ್ಮನಿರುತ್ತಾರೆ.

ಫುಲ್ವಿಯಾ ಕೈಯಲ್ಲಿದ್ದ ಇಸ್ಪೀಟೆಲೆಗಳನ್ನು ನೋಡುತ್ತಾರೆ, ನಿವೇಸ್‌ರ ಮುಖ ನೋಡುತ್ತಾರೆ, ಪಕ್ಕದಲ್ಲಿ ನೋರ್ಮಾ ಕೂರುತ್ತಿದ್ದ ಜಾಗ ನೋಡುತ್ತಾರೆ. ಅಲ್ಲಿ ಕಲ್ಲಂಗಡಿಯ ಡಬ್ಬ ಕೂತಿದೆ. ಕೊನೆಗೆ ಡಬ್ಬವನ್ನು ಬಿಸಿಲಿಗೆ ತಳ್ಳುತ್ತಾರೆ.

"ಕೂತ್ಕೋ. ಇಸ್ಪೀಟು ಬರತ್ತಾ?"

"ಅಪ್ಪ ಕಲಿಸಿದ್ರು."

"ನೋರ್ಮಾ ಥರ ಮೋಸ ಮಾಡ್ಬೇಡ, ಅಷ್ಟೆ."

ಎಲೆ ಹಂಚುತ್ತಾರೆ. ಎರಡು ಸುತ್ತು ಉಸಿರು ಬಿಗಿಹಿಡಿದ ಆಟ. ಮೂರನೆಯದರಲ್ಲಿ ನಿವೇಸ್ ಪಕ್ಕಕ್ಕೆ ತಿರುಗಿ ಪಿಸುಗುಡುತ್ತಾರೆ, "ಸುಮ್ನಿರು."

"ನಂಗಾ ಹೇಳಿದ್ದು?" ಫುಲ್ವಿಯಾ ಹುಬ್ಬೇರಿಸುತ್ತಾರೆ.

"ಅಲ್ಲ. ಅವನಿಗೆ."

ಫುಲ್ವಿಯಾ ತಮ್ಮ ಎಲೆಗಳನ್ನು ಎದೆಗವಚಿಕೊಳ್ಳುತ್ತಾರೆ. "ಹೆದರಿಸ್ತಿದಾನಾ?"

"ಬೈತಿದಾನೆ. ಮೆತ್ತಗೆ."

"ನನ್ನ ಕೈಲಿ ಏನಿದೆ ಅಂತ ಹೇಳಿಕೊಡ್ತಿಲ್ಲ ತಾನೇ?"

ನಿವೇಸ್ ಗಂಭೀರವಾಗಿ ಯೋಚಿಸುತ್ತಾರೆ. "ಇಲ್ಲ. ಅವನಿಗೆ ಇಸ್ಪೀಟು ಬರಲ್ಲ."

ಮೊದಲು ನಕ್ಕದ್ದು ಯಾರು ಎಂದು ಹೇಳುವುದು ಕಷ್ಟ. ಛತ್ರಿ ಅಲ್ಲಾಡುವಷ್ಟು ನಗು. ನಿವೇಸ್ ಕೂಡ ನಗುತ್ತಿದ್ದಾರೆ, ಟೋಪಿ ಜಾರಿದೆ. ಗೋಡೆಯಾಚೆಯಿಂದ ಗಂಡಸರು ಕೂಗುತ್ತಾರೆ, "ಏನದು ನಗು?" ಈ ಕಡೆಯಿಂದ ದಂಡೆಗೆ ದಂಡೆಯೇ ಉತ್ತರಿಸುತ್ತದೆ, "ನಿಮಗ್ಯಾಕೆ!"

ಒಂದಿನಾ ಖಾಲಿ ಕುರ್ಚಿಯ ಹತ್ತಿರ ಹೋಗಿ, ಟವೆಲಿನಿಂದ ಕಣ್ಣೊರೆಸಿಕೊಂಡು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದರಲ್ಲಿ ಕೂರುತ್ತಾರೆ. ಬೂಟು ಬಿಚ್ಚಿ ಕಾಲು ಚಾಚುತ್ತಾರೆ. ಗೋಡೆ ಮಾತಾಡುತ್ತದೆ.

"ಸಿಯೋರ ಒಂದಿನಾ? ನಾನು ದಾರ್ಕೊ. ಬಂದ್ಲಾ?"

"ಬಂದ್ಲು."

"ಕುರ್ಚಿಲಿ ಕೂತಿದಾಳಾ?"

"ಇಲ್ಲ. ಫುಲ್ವಿಯಾ ಜೊತೆ ಜಗಳ ಆಡ್ತಾ ಕೂತಿದಾಳೆ. ಗೆಲ್ತಿದಾಳೆ ಅನ್ಸತ್ತೆ."

ಆ ಕಡೆಯಿಂದ ಮೂಗೊರೆಸಿಕೊಂಡ ದನಿ. "ಹಾಗಾದ್ರೆ ನಾಳೆಯಿಂದ ಕುರ್ಚಿ ಬೇಡ ಬಿಡಿ."

"ಯಾಕೆ ಬೇಡ? ಇಡ್ತೀನಿ," ಒಂದಿನಾ ಗೋಡೆಗೆ ಹೇಳುತ್ತಾರೆ. "ನಾಳೆ ಹೇಗಿರ್ತಾನೋ ಅವನು, ಯಾರಿಗೆ ಗೊತ್ತು. ಅವಳಿಗೆ ಬೇಕಾದ್ರೆ ಇರತ್ತೆ. ಬೇಡ ಅಂದ್ರೆ ನಾನೇ ಕೂತ್ಕೋತೀನಿ. ನಂಗೂ ಕಾಲು ನೋವು."